ಕಂಡ ಕೂಡಲೇ ಹೇಳಬೇಕಿತ್ತು

ಹೋದ ತಿಂಗಳು ಅಣ್ಣನ ಹಳೆಯ ಟ್ರಂಕಿನ ತಳದಲ್ಲಿ ಹಾಸಿದ್ದ ಕಾಗದ ಎತ್ತಿದೆ. ಅದರ ಅಡಿಯಲ್ಲಿ ಒಂದು ರಟ್ಟಿನ ಹಾಳೆ ಸಿಕ್ಕಿತು. ನುಸಿಗುಳಿಗೆಯ ವಾಸನೆ, ಅದರ ಜೊತೆಗೆ ಸೀಮೆಎಣ್ಣೆಯಂಥ ಇನ್ನೊಂದು ಮಂದ ವಾಸನೆ. ಹಾಳೆಯ ತುಂಬ ಕಪ್ಪು ಮಸಿಯಲ್ಲಿ ವಿಮಾನಗಳ ಆಕಾರಗಳಿದ್ದವು, ನೆಲದ ಮೇಲೆ ನಿಂತವನ ಕಣ್ಣಿಗೆ ಹೇಗೆ ಕಾಣುತ್ತವೋ ಹಾಗೆ. ಎಡಗಡೆ ನಮ್ಮವು, ಬಲಗಡೆ ಅವರವು. ಮೂಲೆಯಲ್ಲಿ ನನ್ನ ಅಣ್ಣ ಸೀಸದ ಕಡ್ಡಿಯಿಂದ ಬರೆದಿದ್ದ: ಎಷ್ಟು, ಎಷ್ಟು ಎತ್ತರ, ಯಾವ ಕಡೆ.

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಆದರೂ ಅಷ್ಟು ಓದಲು ನನಗೆ ಏನೂ ಕಷ್ಟವಿರಲಿಲ್ಲ. ಓದಿ ಕೆಳಗಿಡುವುದೇ ಕಷ್ಟವಾಯಿತು...

ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಅವನು ವಾಯುಪಡೆ ಸೇರಿ ಕಮಲಾಪುರ ಬಿಟ್ಟ ವರ್ಷವೇ ನಾನು ಶಾಲೆ ಬಿಟ್ಟೆ. ಅಪ್ಪ ಇರಲಿಲ್ಲ. ಬಾಳೆಯ ತೋಟಕ್ಕೆ ನೀರು ಬಿಡುವವರು, ಅವ್ವನ ಹತ್ತಿರ ಇರುವವರು ಯಾರಾದರೂ ಬೇಕಿತ್ತು. ಅಣ್ಣ ವಿಮಾನ ಹಾರಿಸುತ್ತಾನೆ ಎಂದು ಊರೆಲ್ಲ ನಂಬಿತ್ತು. ಅವನು ರಜೆಗೆ ಬಂದಾಗ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕೇಳಿಯೇ ಬಿಟ್ಟರು.

“ಎಷ್ಟು ಎತ್ತರಕ್ಕ ಹಾರಸ್ತೀಯಪಾ ವಿಮಾನ?”

“ನಾ ಹಾರಸಂಗಿಲ್ರೀ ಕಾಕಾ. ಹಾರೋದನ್ನ ನೋಡ್ತೇನ್ರಿ.”

“ನೋಡಾಕ ಪಗಾರ ಕೊಡ್ತಾರಾ? ಹಂಗಾರ ನಮ್ಮ ಹೊಲದಾಗ ಗುಬ್ಬಿ ನೋಡ್ಕೋತ ಕೂಡು ಬಾ. ಎರಡು ಹೊತ್ತು ಊಟ ಹಾಕ್ತೇನಿ!”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಣ್ಣನೂ ನಕ್ಕ. ಅವನ ಕೆಲಸ ನಿಜವಾಗಿಯೂ ಅದೇ ಆಗಿತ್ತು. ಗಡಿಯ ಹತ್ತಿರ ಮರಳು ದಿಬ್ಬದ ಮೇಲೆ ಮೂರು ನಾಲ್ಕು ಜನ, ಒಂದು ದುರ್ಬೀನು, ಒಂದು ವೈರ್‌ಲೆಸ್. ತೀರ ಕೆಳಗೆ ಹಾರಿ ಬರುವ ವಿಮಾನ ರಾಡಾರಿಗೆ ಸಿಗುತ್ತಿರಲಿಲ್ಲವಂತೆ. ಅದು ಮನುಷ್ಯನ ಕಣ್ಣಿಗೆ, ಕಿವಿಗೆ ಮಾತ್ರ ಸಿಗುತ್ತಿತ್ತು. ಕಂಡ ಕೂಡಲೇ ವೈರ್‌ಲೆಸ್ಸಿನಲ್ಲಿ ಹೇಳಬೇಕು. ಎಷ್ಟು, ಎಷ್ಟು ಎತ್ತರ, ಯಾವ ಕಡೆ. ಅಷ್ಟೇ.

ಅದರಿಂದ ಏನಾಗುತ್ತದೆ ಎಂದು ನಾನು ಕೇಳಿದ್ದೆ. ಅವ್ವ ತೊಗರಿ ಹಸನು ಮಾಡುತ್ತಿದ್ದಳು. ಅಣ್ಣ ಅವಳ ಕೈಯಿಂದ ಮೊರ ಇಸಕೊಂಡು ಕಾಳುಗಳನ್ನು ಒಂದು ಬದಿಗೆ ಸರಿಸಿದ.

“ಇವು ಅವ್ರ ಟ್ಯಾಂಕು ಅಂತ ತಿಳಕೋ. ನಮ್ಮ ನೆಲಕ್ಕ ನುಗ್ಗಬೇಕು ಅವಕ್ಕ. ಮರಳುಗಾಡಿನಾಗ ಮರ ಇಲ್ಲ, ಮನಿ ಇಲ್ಲ, ಅಡಗಾಕ ಜಾಗ ಇಲ್ಲ. ಮ್ಯಾಲೆ ನಮ್ಮ ವಿಮಾನ ಬಂತಂದ್ರ ಅವುಗಳ ಆಟ ಮುಗೀತು. ಅದಕ್ಕ ಅವ್ರು ಮೊದಲು ಏನ್ ಮಾಡ್ತಾರ? ನಮ್ಮ ವಿಮಾನ ನೆಲದ ಮ್ಯಾಲೆ ನಿಂತಿರೋವಾಗೇ ಸುಡಾಕ ಬರ್ತಾರ. ಹಾರಿದ್ರ ಅದು ವಿಮಾನ. ನಿಂತ್ರ ಬರೇ ತಗಡಿನ ಡಬ್ಬಿ.”

“ಮೊರ ಕೊಡಪಾ ಇತ್ತಾಗ,” ಅಂದಳು ಅವ್ವ. “ಟ್ಯಾಂಕಿನ ಬ್ಯಾಳಿ ಮಾಡಬೇಕು.”

ಆ ರಜೆಯಲ್ಲಿ ಅಣ್ಣ ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ವಿಮಾನದ ಆಕಾರ ಬರೆದು ನನಗೆ ಕಲಿಸಿದ. ಅಕ್ಷರ ಮರೆತರೂ ನನಗೆ ಅವು ಮರೆಯಲಿಲ್ಲ.

ಎಪ್ಪತ್ತೊಂದರ ಯುದ್ಧ ಮುಗಿದು ಅವನು ಬಂದಾಗ ಬೇರೆಯವನಾಗಿದ್ದ. ಒಂದು ಮಧ್ಯಾಹ್ನ ತೋಟದಲ್ಲಿ ನೀರು ಬಿಡುತ್ತಾ ತಾನಾಗಿ ಹೇಳಿದ. ಒಂದು ಸಂಜೆ ಪಡುವಣದಿಂದ ನಾಲ್ಕು ವಿಮಾನ ಬಂದವಂತೆ. ನೆಲಕ್ಕೆ ತಾಗುವಷ್ಟು ಕೆಳಗೆ, ಬೆನ್ನ ಹಿಂದೆ ಸೂರ್ಯ. ಆಕಾರ ಸರಿಯಾಗಿ ಕಾಣಲಿಲ್ಲ. ನಮ್ಮವೇ ಹೊಳ್ಳಿ ಬರುತ್ತಿದ್ದರೆ? ಇವನ ಮಾತು ಕೇಳಿ ನಮ್ಮ ತೋಪುಗಳೇ ಅವನ್ನು ಹೊಡೆದರೆ?

“ಇನ್ನೊಂದ್ ಸಲ ಎಣಿಸಿದೆ,” ಅಂದ. “ಇನ್ನೊಂದ್ ಸಲ ರೆಕ್ಕಿ ನೋಡಿದೆ. ಆಮ್ಯಾಲ ಹೇಳಿದೆ. ಏರ್‌ಪೋರ್ಟಿನ್ಯಾಗ ಮೂರು ಮಂದಿ ಸತ್ರು. ಕಂಡ ಕೂಡ್ಲೇ ಹೇಳು, ಯಾರವು ಅಂತ ಅಲ್ಲಿ ಕುಂತವ್ರು ನೋಡ್ಕೋತಾರ. ಅದೇ ನಿಯಮ ಇತ್ತು. ನಾ ಒಂದು ನಿಮಿಷ ತಿಂದೆ, ತಮ್ಮ... ಯಾರ ಮುಂದೂ ಅನಬ್ಯಾಡ.”

ನಾನು ತಲೆ ಆಡಿಸಿದೆ. ಬಹಳ ವರ್ಷ ಆ ಮಾತು ಉಳಿಸಿಕೊಂಡೆ.

ಅಣ್ಣ ನಿವೃತ್ತಿಯಾಗಿ ಬಂದು ತೋಟ ಹಿಡಿದ. ನಾನು ಕಲಬುರಗಿಗೆ ಬಂದು ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲಿಗೆ ನಿಂತೆ. ಬೀದರ ಕಡೆಯಿಂದ ತರಬೇತಿಯ ವಿಮಾನಗಳು ನಮ್ಮೂರಿನ ಮೇಲೆ ಹಾಯುತ್ತಿದ್ದವು. ಆ ಸದ್ದು ಕೇಳಿದರೆ ಅಣ್ಣನ ಕೈಯಲ್ಲಿ ಏನಿದ್ದರೂ ನಿಲ್ಲುತ್ತಿತ್ತು. ಮುಖ ಮೇಲೇಳುತ್ತಿತ್ತು. ತುಟಿ ಆಡುತ್ತಿತ್ತು: ಎರಡು, ಎತ್ತರದಾಗ, ತೆಂಕಲಿಗೆ. ಊಟ ಮಾಡುವಾಗಲೂ ಹಾಗೇ, ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಒಂದು ವರ್ಷ ಊರಿನ ಶಾಲೆಯವರು ಧ್ವಜ ಏರಿಸಲು ಅವನನ್ನು ಕರೆದರು. ಅದರ ಮಾತುಕತೆಯ ದಿನ ನಾನೂ ಊರಲ್ಲಿದ್ದೆ. ಚಹಾದ ಹೋಟೆಲಿನಲ್ಲಿ ಏಳೆಂಟು ಜನ ಅಣ್ಣನನ್ನು ಹೊಗಳುತ್ತಿದ್ದರು. ಒಬ್ಬ ನನ್ನ ಕಡೆ ತಿರುಗಿ, “ಒಂದೇ ತಾಯಿ ಮಕ್ಕಳು ನೋಡ್ರಿ. ಅಂವಾ ದೇಶ ಹೊತ್ತ, ಇಂವಾ ಚೀಲ ಹೊತ್ತ!” ಎಂದ. ಎಲ್ಲರೂ ನಕ್ಕರು. ಅದು ಬರೀ ಚೇಷ್ಟೆ, ನನಗೂ ಗೊತ್ತಿತ್ತು. ಆದರೆ ನಾನು ಬಿಟ್ಟ ಶಾಲೆ, ಹೊತ್ತ ಚೀಲ, ಒಬ್ಬನೇ ನೋಡಿದ ಅವ್ವನ ಸಾವು ಎಲ್ಲ ಒಮ್ಮೆಲೇ ನೆನಪಿಗೆ ನುಗ್ಗಿದವು.

“ಏನ್ ಹೊತ್ತಾನ್ರೀ ದೇಶ?” ಎಂದೆ. “ವಿಮಾನ ಬಂದಾಗ ಬಾಯಿ ಮುಚ್ಚಿ ಎಣಿಸ್ಕೋತ ನಿಂತಿದ್ದ. ಇವನಿಂದ ಮೂರು ಮಂದಿ ಸತ್ತಾರ. ಕೇಳ್ರಿ ಬೇಕಾರ.”

ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲರಿಗೂ ಕೊಡಲೆಂದು ತೋಟದ ಕೆಂಪು ಬಾಳೆಯ ಚಿಪ್ಪು ತಂದಿದ್ದ. ಅದನ್ನು ಮೇಜಿನ ಮೇಲಿಟ್ಟು, “ತಿನ್ರಿ,” ಎಂದು ಹೋದ.

ಧ್ವಜ ಬೇರೆ ಯಾರೋ ಏರಿಸಿದರು. ಅಣ್ಣ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ನಾನು ಊರಿಗೆ ಬಂದರೆ ಊಟ ಹಾಕಿಸಿದ, ಹೊರಟರೆ ಬಸ್‌ಸ್ಟ್ಯಾಂಡಿನವರೆಗೆ ಬಂದ. ಆದರೆ ಆಮೇಲೆ ವಿಮಾನದ ಸದ್ದು ಬಂದಾಗ ಅವನ ಮುಖ ಕೆಳಗೆ ಹೋಗುತ್ತಿತ್ತು. ಆ ಸದ್ದು ಸಾಯುವವರೆಗೆ ಅವನು ನೆಲ ನೋಡುತ್ತಿದ್ದ. ಅದನ್ನು ನಾನು ಎಷ್ಟು ಸಲ ನೋಡಿದೆನೋ...

ಎರಡು ವರ್ಷದ ಮೇಲೆ ಒಂದು ಮಂಗಳವಾರ ಗಂಜಿನಲ್ಲಿ ಹಿರಿಯರೊಬ್ಬರು ಬೇಳೆ ಕೊಳ್ಳಲು ಬಂದರು. ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದರು, ಮೂಲ ನಮ್ಮ ಕಡೆಯವರೇ. ಕೋಲು ಊರಿ ನಡೆಯುತ್ತಿದ್ದರು. ನಾನು ಕಮಲಾಪುರದವನೆಂದು ತಿಳಿದು ನಿಂತರು.

“ಅಲ್ಲಿ ಏರ್‌ಫೋರ್ಸಿನ್ಯಾಗ ಇದ್ದವ್ರು ಒಬ್ರು ಇದ್ರಲ್ಲ?”

“ನಮ್ಮ ಅಣ್ಣ ಅವ್ರು.”

“ಯಾ ಅಲ್ಲಾ!” ಎಂದು ನನ್ನ ಧೂಳುಗೈ ಹಿಡಿದುಕೊಂಡರು. “ಎಪ್ಪತ್ತೊಂದರ ಯುದ್ಧದಾಗ ನಾಲ್ಕು ವಿಮಾನ ಬಂದ ಸಂಜಿಗೆ ನಾ ಗಡಿ ಕಡೆ ಏರ್‌ಪೋರ್ಟಿನ್ಯಾಗ ಇದ್ದೆ, ಎಂಜಿನ್ ಮೆಕ್ಯಾನಿಕ್. ಸೈರನ್ ಊದ್ತು. ವಿಮಾನ ಎಲ್ಲಾ ನೂಕಿ ಶೆಡ್ಡಿಗೆ ಹಾಕಿದ್ವಿ. ಒಂದು ಹೊರಗ ಉಳೀತು. ಬ್ಯಾಡ ಅಂದ್ರೂ ಮೂರು ಮಂದಿ ಅದನ್ನ ತರಾಕ ಹೊಳ್ಳಿ ಹೋದ್ರು... ವಿಮಾನ ಬಂದ ಖಬರ್ ಕೊಟ್ಟವ್ರು ಯಾರಂತ ಆಮ್ಯಾಲ ಕೇಳಿದ್ರ, ನಮ್ಮ ಜಿಲ್ಲಾದವ್ರೇ ಅಂದ್ರು. ಮರುದಿನ ಮುಂಜಾನಿ ಅವೇ ವಿಮಾನ ಹೋಗಿ ಟ್ಯಾಂಕ್ ತಡದ್ವು. ಇಲ್ಲಂದ್ರ ಅವ್ರು ಎಲ್ಲೀತನಕ ಬರ್ತಿದ್ರೋ.”

“ಒಂದು ನಿಮಿಷ ತಡಾ ಆತು ಅಂತಾನ್ರೀ ಅಣ್ಣ,” ಎಂದೆ.

ಅವರು ನನ್ನ ಕೈ ಬಿಡಲಿಲ್ಲ. “ಆಗಿರಬಹುದು. ಆದ್ರ ಆ ಖಬರ್ ಬರಲಿಲ್ಲಂದ್ರ ನಾ ಇವತ್ತು ಇಲ್ಲಿ ನಿಂತು ಬ್ಯಾಳಿ ಕೊಳ್ತಿರಲಿಲ್ಲ. ಇಷ್ಟು ಹೇಳ್ರಿ ಅವರಿಗೆ. ನಂಗ ಗಾಡಿಗೆ ಹೊತ್ತಾತು, ನೀವು ಇವತ್ತೇ ಹೇಳ್ರಿ.”

ಕಮಲಾಪುರ ಬಸ್ಸಿಗೆ ಒಂದು ತಾಸಿನ ದಾರಿ. ನಾನು ಅವತ್ತು ಹೋಗಲಿಲ್ಲ. ಈ ಮಾತು ಹೇಳಬೇಕಾದರೆ ಹೋಟೆಲಿನ ಆ ಮಾತು ಮೊದಲು ಎತ್ತಬೇಕಲ್ಲ. ತಪ್ಪಾಯಿತು ಅನ್ನಬೇಕಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಚೀಲದ ಅಡಿಯಲ್ಲಿ ಬಾಗಿ ನಡೆಯುತ್ತಾ ಜೋಡಿಸಿಕೊಂಡೆ. ಭಾನುವಾರ ಹೋದೆ. ಅಣ್ಣ ಕೆಂಪು ಬಾಳೆ ಸುಲಿದು ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ವಿಮಾನವೊಂದು ಹಾಯಿತು. ಅವನು ಕೈಯಲ್ಲಿದ್ದ ಸಿಪ್ಪೆಯನ್ನು ನೋಡುತ್ತಾ ಕೂತ. ಮಾತು ನನ್ನ ನಾಲಿಗೆಯ ಮೇಲಿತ್ತು. ಇನ್ನೊಮ್ಮೆ ಜೋಡಿಸಿ ನೋಡಿದೆ. ಆಮೇಲೆ, “ಬಸ್ಸಿಗೆ ಹೊತ್ತಾತು ಅಣ್ಣ, ಮುಂದಿನ ವಾರ ಬರ್ತೇನಿ,” ಎಂದೆ.

ಗುರುವಾರ ಮುಂಜಾನೆ ತೋಟದ ಬದುವಿನ ಮೇಲೆ ಅವನ ಎದೆಬಡಿತ ನಿಂತಿತು.

ಮಣ್ಣು ಮಾಡುವಾಗ ಹೋಟೆಲಿನಲ್ಲಿದ್ದ ಏಳೆಂಟು ಜನವೂ ಬಂದಿದ್ದರು. ಅವರಿಗಾದರೂ ಹೇಳಬಹುದಿತ್ತು. ಅಲ್ಲಿಯೂ ನಾನು ಬಾಯಿ ತೆರೆಯಲಿಲ್ಲ. ಒಂದು ಹಿಡಿ ಮಣ್ಣು ಹಾಕಿ ಕೈ ಝಾಡಿಸಿದೆ.

ಅಣ್ಣ ತಿಂದದ್ದು ಒಂದು ನಿಮಿಷ. ಅದೂ ನಮ್ಮವರೇ ನಮ್ಮವರನ್ನು ಕೊಂದಾರು ಎಂಬ ಅಂಜಿಕೆಯಿಂದ. ನಾನು ಒಂಬತ್ತು ದಿನ ತಿಂದೆ, ನನ್ನ ಮುಖ ಉಳಿಸಿಕೊಳ್ಳಲು. ಇಪ್ಪತ್ತೈದು ವರ್ಷದ ಮೇಲೆ ಇದನ್ನು ಮೊದಲ ಸಲ ಹೇಳುತ್ತಿದ್ದೇನೆ, ಕೇಳಬೇಕಾದವನು ಇಲ್ಲದಾಗ.

ಈಗ ಟಿ.ವಿ.ಯಲ್ಲಿ ಯುದ್ಧ ತೋರಿಸುತ್ತಾರೆ. ಮನುಷ್ಯರೇ ಇಲ್ಲದ ವಿಮಾನಗಳು ಬರುತ್ತವೆ, ಯಂತ್ರಗಳೇ ಕಂಡು ಯಂತ್ರಗಳೇ ಹೇಳುತ್ತವಂತೆ. ಅವು ಎರಡೆರಡು ಸಲ ಎಣಿಸುತ್ತಾ ನಿಲ್ಲುವುದಿಲ್ಲ ಅಂತ ಕಾಣುತ್ತದೆ. ಯಾರೋ ಸತ್ತರೆಂದು ಆಯುಷ್ಯವಿಡೀ ನೆಲ ನೋಡುವುದೂ ಇಲ್ಲ.

ನಿನ್ನೆ ಆ ಹಾಳೆಯನ್ನು ಬಿಸಿಲಿಗೆ ಹಾಕಲು ಮಾಳಿಗೆ ಹತ್ತಿದೆ. ಬೀದರ ಕಡೆಯಿಂದ ಸದ್ದು ಬಂತು. ಮುಖ ಎತ್ತಿದೆ.

“ಒಂದು. ಕೆಳಗ. ಪಡುವಣಕ್ಕ,” ಎಂದೆ, ಗಟ್ಟಿಯಾಗಿ, ಕಂಡ ಕೂಡಲೇ.

ಕೆಳಗೆ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ ಕೇಳಿದಳು:

“ಯಾರಿಗೆ ಹೇಳಾಕತ್ತೀರಿ?”