ಹೊಳೆಗೆ ಕಳಚಿಟ್ಟ ಕದ

ಮಧುಗಿರಿಗೆ ಹೊರಟಿದ್ದ ಸರ್ವೀಸ್ ಮೋಟಾರು ಕೊರಟಗೆರೆಯ ಆಚೆ ನಿಂತುಬಿಟ್ಟಿತು, ಜಯಮಂಗಲಿ ಹೊಳೆ ಏರುತ್ತಿತ್ತು. ಮಳೆಗೆ ನಾನು ದಂಡೆಯ ಒಂದು ಮಣ್ಣಿನ ಮನೆಯ ಜಗಲಿ ಹತ್ತಿದೆ. ಒಳಗೆ ಅತ್ತೆ ಸೊಸೆಯರಿಬ್ಬರು ರಾಗಿಚೀಲಗಳನ್ನು ಅಟ್ಟಕ್ಕೇರಿಸಿ, ಮುಂಬಾಗಿಲು, ಹಿತ್ತಿಲಬಾಗಿಲುಗಳ ಕದಗಳನ್ನು ಎತ್ತಿ ಕಳಚುತ್ತಿದ್ದರು. ಹೊಳೆ ಏರಿದಾಗ ಜನ ಬಾಗಿಲು ಭದ್ರಪಡಿಸುವುದನ್ನು ಕಂಡಿದ್ದೇನೆ. ಕಳಚುವುದನ್ನು ಕಂಡದ್ದು ಇದೇ ಮೊದಲು.

"ನೀರು ಒಳಗೆ ನುಗ್ಗುವುದಿಲ್ಲವೇನಮ್ಮ?" ಎಂದೆ.

"ನುಗ್ಲಿ ಬುಡಿ ಸ್ವಾಮಿ," ಎಂದಳು ಅತ್ತೆ. "ಇಂಗೆ ಬಂದು ಅಂಗೆ ಹೋಯ್ತದೆ. ಅಡ್ಡ ಹಾಕುದ್ರೆ ಗ್ವಾಡೆಗೆ ಒರಗ್ಕಂಡು ನಿಂತ್ಕತದೆ. ಮಣ್ಣಿನ ಗ್ವಾಡೆ ಎಷ್ಟೊತ್ತು ತಡೆದೀತು?"

ಸೊಸೆ ಎರಡೂ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದಳು, ಬರುವ ಹೊಳೆಗೊಮ್ಮೆ, ಹೋಗುವ ಹೊಳೆಗೊಮ್ಮೆ. ಕೂಸನ್ನು ಕಂಕುಳಿಗೇರಿಸಿಕೊಂಡು ಗುಡ್ಡದ ಕಡೆ ಹೊರಟಳು. ಅತ್ತೆಯ ಜೊತೆ ನಾನೂ ಹಿಂದೆ ನಡೆದೆ.

ಪಕ್ಕದ ಜಾಗದಲ್ಲಿ ಗೋಡೆಗಳಿರಲಿಲ್ಲ. ಹುಲ್ಲು ಬೆಳೆದ ಮಣ್ಣಿನ ರಾಶಿಯ ನಡುವೆ ಒಂದು ಬಾಗಿಲು ಮಾತ್ರ ಚೌಕಟ್ಟಿನ ಸಮೇತ ನಿಂತಿತ್ತು. ಒಳಗಿನಿಂದ ಹಾಕಿದ ಅಗುಳಿ ಹಾಗೆಯೇ ಇತ್ತು.

"ಇದು ಯಾರ ಮನೆ?"

"ನಮ್ಮಣ್ಣಂದು. ಹೆಂಡ್ತಿ ಮಕ್ಳು ಎಲ್ರೂ ಒಳಗೇ ಇದ್ರು." ಅವಳು ಆ ಕಡೆ ತಿರುಗಿ ನೋಡಲಿಲ್ಲ. "ಒಳ್ಳೆ ಬಾಗ್ಲು ಸ್ವಾಮಿ. ಒಂದು ಹನೀನೂ ಒಳಕ್ಕೆ ಬುಡ್ಲಿಲ್ಲ."