ಆಮೇಲಿನ ಇಂಗ್ಲಿಷು

ನಮ್ಮ ಕಡೆಯವರ ಹೊಟ್ಟೆಯ ಬಗ್ಗೆ ಮೈಸೂರಿನಲ್ಲಿ ಏನಾದರೂ ತಪ್ಪು ಅಭಿಪ್ರಾಯ ಹರಡಿದ್ದರೆ ಅದಕ್ಕೆ ನಾನೇ ಕಾರಣ. ಬಿ.ಎಡ್. ಓದಲು ಅಲ್ಲಿಗೆ ಹೋಗಿದ್ದಾಗ ಹಾಸ್ಟೆಲಿನ ಗೆಳತಿಯರು ಊಟಕ್ಕೆ ಕರೆದರೆ "ನೀವು ಹೋಗಿ, ನಾನು ಮತ್ತೆ ಊಟ ಮಾಡ್ತೇನೆ" ಎನ್ನುತ್ತಿದ್ದೆ. ಬಂಟ್ವಾಳದಲ್ಲಿ 'ಮತ್ತೆ' ಎಂದರೆ ಆಮೇಲೆ. ಮೈಸೂರಿನಲ್ಲಿ ಇನ್ನೊಂದು ಸಲ. ಅವರು ಒಂದು ವಾರ ನನ್ನ ಸಣಕಲು ಮೈಯನ್ನು ನೋಡಿ ನೋಡಿ, ಕೊನೆಗೆ ಒಬ್ಬಳು ಕೇಳಿಯೇಬಿಟ್ಟಳು, "ದಿನಾ ಎರಡೆರಡು ಸಲ ಉಣ್ತೀಯಲ್ಲೇ, ಅದೆಲ್ಲಾ ಎಲ್ಲಿಗೆ ಹೋಗುತ್ತೆ?"

ಅಂದಿನಿಂದ ಈ 'ಆಮೇಲೆ'ಯ ಕುಟುಂಬಕ್ಕೆ ಸೇರಿದ ಪದಗಳ ಮೇಲೆ ನನಗೊಂದು ಕಣ್ಣು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದ ಮೇಲಂತೂ ಅವು ನನ್ನನ್ನು ಬಿಡಲೇ ಇಲ್ಲ. ಮಕ್ಕಳು ಮನೆಯಲ್ಲಿ ತುಳು ಮಾತಾಡಿ, ಪುಸ್ತಕದಲ್ಲಿ ಕನ್ನಡ ಓದಿ, ನನ್ನೆದುರು ಮಾತ್ರ ಇಂಗ್ಲಿಷಿಗೆ ಬಾಯಿ ತೆರೆಯುವವರು. ಮತ್ತೆ ಬರ್ತೇನೆ ಎನ್ನಲು "ಆಫ್ಟರ್ ಐ ಆ್ಯಮ್ ಕಮಿಂಗ್ ಟೀಚರ್" ಎನ್ನುತ್ತಾರೆ. 'ಲೇಟರ್' ಕಲಿಸಿದೆ, 'ಸಬ್ಸಿಕ್ವೆಂಟ್ಲಿ' ಕಲಿಸಿದೆ, 'ಅದರ ಪರಿಣಾಮವಾಗಿ' ಎನ್ನಲು 'ಕಾನ್ಸಿಕ್ವೆಂಟ್ಲಿ' ಕಲಿಸಿದೆ. ಕಲಿಸಿದ ವಾರವೇ ಒಬ್ಬಳು ರಜೆ ಅರ್ಜಿ ತಂದಳು: ಭಾನುವಾರ ನನ್ನ ಅಕ್ಕನ ಮದುವೆ, ಕಾನ್ಸಿಕ್ವೆಂಟ್ಲಿ ಸೋಮವಾರ ನನಗೆ ಜ್ವರ. ಇಷ್ಟು ಪ್ರಾಮಾಣಿಕವಾದ ರಜೆ ಅರ್ಜಿಯನ್ನು ನಾನು ಈವರೆಗೆ ನೋಡಿಲ್ಲ. ರಜೆ ಕೊಟ್ಟೆ.

ಆದರೆ ನನ್ನ ಮುದ್ದಿನ ಪದ 'ಆಫ್ಟರ್‌ಮಾತ್'. ಅದಕ್ಕೆ ಮಕ್ಕಳು ಕೊಟ್ಟ ಅರ್ಥ, ಗಣಿತದ ಪೀರಿಯಡ್ ಮುಗಿದ ಮೇಲೆ ಬರುವ ಪೀರಿಯಡ್. ನಕ್ಕೆನಾದರೂ ಅದರ ಬೇರು ಹುಡುಕಿದಾಗ ಬೆರಗಾಯಿತು. 'ಮಾತ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಹುಲ್ಲು ಕೊಯ್ಯುವುದಂತೆ. ಮೊದಲ ಕೊಯ್ಲಾದ ಮೇಲೆ ಅದೇ ನೆಲದಲ್ಲಿ ತಾನಾಗಿ ಚಿಗುರುವ ಎರಡನೆಯ ಹುಲ್ಲೇ ಆಫ್ಟರ್‌ಮಾತ್. ಇಂಥ ಹಸಿರು ಪದವನ್ನು ಪತ್ರಿಕೆಯವರು ಇವತ್ತು ಯುದ್ಧ, ಭೂಕಂಪಗಳ ನಂತರದ ಹಾಳಿಗೆ ಮಾತ್ರ ಬಳಸುತ್ತಾರೆ. ನಮ್ಮ ಗದ್ದೆಯವರಾದರೋ ಮಳೆಗಾಲದ ಏಣೆಲು ಬೆಳೆಯ ನಂತರ ಬರುವ ಎರಡನೆಯ ಬೆಳೆಗೆ ಸುಗ್ಗಿ ಎಂದೇ ಹೆಸರಿಟ್ಟರು. ಇದನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ವಿಜ್ಞಾನದ ಟೀಚರ್ ಚಹಾ ಲೋಟ ಹಿಡಿದು ಎದ್ದುಹೋಗುತ್ತಾರೆ.

ಇಷ್ಟು ಜಂಬ ಕೊಚ್ಚಿಕೊಂಡೆನಲ್ಲ, ಈಗ ಮುಖಭಂಗದ ಕಥೆಯನ್ನೂ ಕೇಳಿ.

ನನ್ನ ಗಂಡನಿಗೆ ಸಿದ್ಧಕಟ್ಟೆಯಲ್ಲಿ ಸಣ್ಣದೊಂದು ಹೋಟೆಲು. ಅವರ ಬನ್ಸ್ ತಿನ್ನಲೆಂದೇ ಬಸ್ಸಿಳಿಯುವವರಿದ್ದಾರೆ. ಕಳೆದ ವರ್ಷ ಅವರಿಗೆ ಒಂದೂವರೆ ತಿಂಗಳು ಬಿಡದೆ ಕೆಮ್ಮು. ಮೂಡುಬಿದಿರೆಯ ಡಾಕ್ಟರು ಎದೆಯ ಸ್ಕ್ಯಾನ್ ಮಾಡಿಸಿ ತನ್ನಿ ಎಂದರು. ಶನಿವಾರ ಸಂಜೆ ಬಿ.ಸಿ.ರೋಡಿನಲ್ಲಿ ರಿಪೋರ್ಟು ಕೈಗೆ ಬಂತು. ಡಾಕ್ಟರು ಸಿಗುವುದು ಸೋಮವಾರ. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ನಾನು ಓದಿದೆ. ಮನೆಯಲ್ಲಿ ಇಂಗ್ಲಿಷ್ ಟೀಚರೇ ಇರುವಾಗ ಬೇರೆ ಯಾರು ಓದಬೇಕು?

"ಎಂತ ಬರ್ದಿದ್ದಾರೆ?" ಎಂದರು ಇವರು.

"ಪೋಸ್ಟ್ ಇನ್ಫೆಕ್ಟಿವ್..."

"ಪೋಸ್ಟಲ್ಲಿ ಬಂತಾ ಎಂತ ಇದು?"

ನನಗೆ ನಗು ಬರಲಿಲ್ಲ. ಮುಂದಿನ ಪದ 'ಸೀಕ್ವೆಲ್'. ಅದಕ್ಕೆ ಕೊನೆಯಲ್ಲಿ 'ಎ, ಇ' ಎಂದು ಎರಡಕ್ಷರದ ಬಾಲ ಬೇರೆ. ಸೀಕ್ವೆಲ್ ಎಂದರೆ ಸಿನಿಮಾದ ಎರಡನೆಯ ಭಾಗ, ಅದು ಯಾರಿಗೆ ಗೊತ್ತಿಲ್ಲ! ಬಾಲ ಲ್ಯಾಟಿನ್ ಬಹುವಚನವೆಂದು ನನ್ನ ವಿದ್ಯೆ ಕೂಡಲೇ ಪತ್ತೆಹಚ್ಚಿತು. ಹಾಗಾದರೆ ಬರಲಿರುವುದು ಒಂದಲ್ಲ, ಹಲವು. ಸೋಂಕಿನ ನಂತರ ಒಂದರ ಹಿಂದೊಂದು ಭಾಗಗಳು. ಕೆಳಗೆ 'ಫಾಲೋ ಅಪ್' ಎಂದೂ ಇತ್ತು. ಅದು ಬೆನ್ನಟ್ಟಿಕೊಂಡು ಬರುತ್ತದೆ ಎಂಬಂತೆ ಕಂಡಿತು.

"ಇದರದ್ದು ಮುಂದಿನ ಭಾಗ ಉಂಟು ಅಂತ ಬರೆದ ಹಾಗೆ ಉಂಟು," ಎಂದೆ. ಇದಕ್ಕಿಂತ ಮೆತ್ತಗೆ ಹೇಳಲು ಬರಲಿಲ್ಲ.

ಇವರು ರಿಪೋರ್ಟನ್ನು ನನ್ನ ಕೈಯಿಂದ ತೆಗೆದು ಚೀಲಕ್ಕೆ ಹಾಕಿ, "ಹೋಗುವ, ಬಸ್ ಬಂತು" ಎಂದರು.

ಫೋನಿನಲ್ಲಿ ಅರ್ಥ ನೋಡಬಹುದಿತ್ತಲ್ಲ ಎನ್ನುತ್ತೀರಿ. ಹಿಂದೊಮ್ಮೆ ಮೊಣಕಾಲು ನೋವೆಂದು ಹುಡುಕಿ, ಮೂರನೆಯ ಸಾಲಿಗೇ ನನ್ನ ಸಾವು ದಾಟಿ ಬೊಜ್ಜದ ಊಟದವರೆಗೆ ಹೋಗಿ ಬಂದವಳು ನಾನು. ಮೇಲಾಗಿ ಇಂಗ್ಲಿಷ್ ಟೀಚರ್ ಸೀಕ್ವೆಲ್ ಎಂಬ ಪದಕ್ಕೆ ಅರ್ಥ ಹುಡುಕುವುದುಂಟೇ? ಹೆದರಿಕೆಯೊಂದು ಪಾಲು, ಅಹಂಕಾರ ಮೂರು ಪಾಲು.

ಭಾನುವಾರ ಮಧ್ಯಾಹ್ನ ಹೋಟೆಲಿನ ಬಾಗಿಲು ಹಾಕಿದ ಮೇಲೆ ಇವರು ನನ್ನನ್ನು ಅಡುಗೆಕೋಣೆಗೆ ಕರೆದರು. "ಇಲ್ಲಿ ಬಾ ಮಾರಾಯ್ತಿ. ಸರೀ ನೋಡಿಟ್ಟುಕೋ," ಎಂದು ಬಾಳೆಹಣ್ಣು ಕಿವುಚತೊಡಗಿದರು. ಬನ್ಸಿನ ಹಿಟ್ಟಿನ ಹದವನ್ನು ಅವರು ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಹೇಳಿದವರಲ್ಲ. ನನ್ನ ತಮ್ಮ ಕಾಲು ಹಿಡಿಯುವುದೊಂದು ಬಾಕಿ, ಅವನಿಗೂ ಹೇಳಲಿಲ್ಲ. ಈಗ ಸಕ್ಕರೆ ಇಷ್ಟು, ಮೊಸರು ಇಷ್ಟು, ಹಣ್ಣು ಎಳೆದುಕೊಂಡಷ್ಟು ಮೈದಾ ಎಂದು ಒಂದೊಂದಾಗಿ ಹೇಳುತ್ತಿದ್ದಾರೆ. ನಾನು ಮಕ್ಕಳ ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ.

"ನನಗೆಂತಕ್ಕೆ ಇದೆಲ್ಲ?" ಎಂದೆ.

"ಗೊತ್ತಿದ್ದರೆ ಒಳ್ಳೆಯದಲ್ವಾ," ಎಂದರು, ಮುಖ ನೋಡದೆ.

ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಈ ಮನುಷ್ಯನಿಲ್ಲದೆ ನನಗೆ ಇರಲಿಕ್ಕಾಗದು ಎಂದು ಅಲ್ಲಿಯವರೆಗೆ ಅಷ್ಟು ಸ್ಪಷ್ಟವಾಗಿ ನನಗೇ ಗೊತ್ತಿರಲಿಲ್ಲ.

ಸೋಮವಾರ ಡಾಕ್ಟರು ರಿಪೋರ್ಟನ್ನು ಅರ್ಧ ನಿಮಿಷ ನೋಡಿ ಮಡಚಿಟ್ಟರು. "ಸಣ್ಣದಿರುವಾಗ ನಿಮಗೆ ನ್ಯುಮೋನಿಯಾ ಏನಾದರೂ ಆಗಿತ್ತಾ?"

ಇವರು ಯೋಚಿಸಿದರು. ಕೊಕ್ಕಡದ ಅಜ್ಜನ ಮನೆಯಲ್ಲಿ ಎಂಟು ವರ್ಷದವರಿದ್ದಾಗ ದೊಡ್ಡ ಜ್ವರ ಬಂದು ಒಂದು ವರ್ಷ ಶಾಲೆಯೇ ತಪ್ಪಿತ್ತಂತೆ. "ಅದರದ್ದೇ ಕಲೆ ಇದು, ಸೀಕ್ವೆಲೀ ಅಂದ್ರೆ ಅದೇ," ಎಂದರು ಡಾಕ್ಟರು. "ಗಾಯ ಒಣಗಿದ ಮೇಲೆ ಗುರುತು ಉಳಿಯುವುದಿಲ್ವಾ, ಹಾಗೆ."

"ಹಾಗಾದರೆ ಮುಂದೆ ಬರುವ ಭಾಗ?" ಎಂದರು ಇವರು.

"ಬರುವುದು ಅಂತ ಹೇಳಿದ್ಯಾರು?"

"ನಾನು," ಎಂದೆ.

"ಟೀಚರಲ್ವಾ ನೀವು? ಎಂತ ಕಲಿಸುವುದು?"

"ಇಂಗ್ಲಿಷ್."

ಡಾಕ್ಟರು ದೊಡ್ಡ ಮನುಷ್ಯರು, ಜೋರಾಗಿ ನಗಲಿಲ್ಲ. "ಬಂದು ಹೋಗಿ ನಲ್ವತ್ತೈದು ವರ್ಷ ಆಯ್ತು ಮಾರಾಯ್ರೆ. ಕೆಮ್ಮು ಗ್ಯಾಸ್ಟ್ರಿಕ್‌ನದ್ದು. ಊರಿಗೆಲ್ಲ ತಿನ್ನಿಸ್ತೀರಿ, ನೀವು ಹೊತ್ತಿಗೆ ಸರೀ ಊಟ ಮಾಡಿ. ಆರು ತಿಂಗಳು ಬಿಟ್ಟು ಒಮ್ಮೆ ಮುಖ ತೋರಿಸಿ, ಫಾಲೋ ಅಪ್ ಅಂದ್ರೆ ಅಷ್ಟೇ."

ಅಬ್ಬ! ಹೊರಗೆ ಬಂದವಳೇ ಬಸ್‌ಸ್ಟ್ಯಾಂಡಿನ ಎದುರು ನಿಂತು ಎರಡು ಲೋಟ ಕಬ್ಬಿನ ಹಾಲು ಕುಡಿದೆ. ಇವರು ನನ್ನ ಇಂಗ್ಲಿಷಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಆದರೆ ಸಿದ್ಧಕಟ್ಟೆ ಮುಟ್ಟುವವರೆಗೂ ಕಿಟಕಿಯ ಕಡೆ ತಿರುಗಿ ಒಳಗೊಳಗೇ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಮುಗಿದುಹೋದುದಕ್ಕೂ ಬರಲಿರುವುದಕ್ಕೂ ಒಂದೇ ಅಂಗಿ ತೊಡಿಸುವ ಪದಗಳಿವೆ; ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಕೇಳಿ ತಿಳಿದುಕೊಳ್ಳಬೇಕು. ನಾನಾದರೋ ಎರಡು ದಿನ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ವ್ಯಾಕರಣದ ಬಲದಿಂದ ಸಾಯಲು ಸಿದ್ಧಮಾಡಿದೆ.

ಒಂದು ತಿಂಗಳಾದ ಮೇಲೆ ಇವರು ಬೆಳ್ತಂಗಡಿಗೆ ಮದುವೆಗೆ ಹೋದ ದಿನ, ಬರೆದಿಟ್ಟ ಅಳತೆ ನೋಡಿಕೊಂಡು ನಾನೇ ಬನ್ಸ್ ಮಾಡಿದೆ. ಒಂದಾದರೂ ಉಬ್ಬಬೇಕಲ್ಲ! ಎಣ್ಣೆಯಲ್ಲಿ ಮುನಿಸಿಕೊಂಡವರ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡವು. ಇವರು ಬಂದು ಒಂದನ್ನು ಕಚ್ಚಿ ನೋಡಿ ನಕ್ಕರು.

"ಅದರಲ್ಲಿ ಒಂದು ಬಿಟ್ಟಿದ್ದೆ ನಾನು."

"ಅಯ್ಯೋ ದೇವರೇ! ಇನ್ನು ಉಳಿಯುವುದಿಲ್ಲ ಅಂತ ಕೂತವರು ಅದನ್ನೂ ಹೇಳಲಿಲ್ವಾ?"

"ಅದನ್ನೂ ಹೇಳಿದರೆ ಮುಗೀತಲ್ಲ ಮಾರಾಯ್ತಿ. ಡಾಕ್ಟ್ರು ಎಂತ ಹೇಳ್ತಾರೆ ನೋಡುವ ಅಂತ ಅದೊಂದನ್ನು ಇಟ್ಟುಕೊಂಡೆ."

ಆ ಒಂದು ಯಾವುದೆಂದು ನಾನು ಕೇಳಲಿಲ್ಲ. ಅವರು ಹೇಳುವುದೂ ಬೇಡ.