ತಲೆ ಬ್ಯಾಡಗಿಯಲ್ಲಿ, ಕಾಲು ಹಾವೇರಿಯಲ್ಲಿ

ಮಿಕ್ಸರ್ ಈಗ ಅಡುಗೆಮನೆಯ ನೆಲದ ಮೇಲೆ ಕೂತಿದೆ. ಅದರ ಪಕ್ಕಕ್ಕೆ ಚಹಾಪುಡಿ ಡಬ್ಬಿ, ಉಪ್ಪಿನಕಾಯಿ ಭರಣಿ, ಕರೆಂಟ್ ಹೋದಾಗ ಬೇಕಾಗುವ ಬ್ಯಾಟರಿ, ಎಲ್ಲಿಡಬೇಕೆಂದು ಇನ್ನೂ ಗೊತ್ತಾಗದ ನಾಲ್ಕಾರು ಸಾಮಾನು. ಇವೆಲ್ಲ ಮುಂಜಾನೆಯವರೆಗೆ ಒಂದು ಕಟ್ಟಿಗೆ ಹಲಗೆಯ ಮೇಲೆ ನೆಮ್ಮದಿಯಾಗಿದ್ದವು. ಖಾಲಿ ಮಾಡಿ ಹಲಗೆ ಒರೆಸಿದೆ. ಒರೆಸಿದ್ದೇ ತಡ, ಹಳೆಯ ಮಷೀನ್ ಎಣ್ಣೆಯ ವಾಸನೆ ಮೂಗಿಗೆ ಬಂತು. ಎಷ್ಟು ವರ್ಷ ಒಗ್ಗರಣೆಯ ಹೊಗೆ ಕುಡಿದರೂ ಆ ಹಲಗೆ ತನ್ನ ಹಟ ಬಿಟ್ಟಿಲ್ಲ ನೋಡ್ರಿ.

ಅದು ಹೊಲಿಗೆ ಮಷೀನಿನ ಸ್ಟ್ಯಾಂಡು. ಕಬ್ಬಿಣದ ಕಾಲು, ಕೆಳಗೆ ತುಳಿಯುವ ಪಟ್ಟಿ, ಬದಿಗೆ ದೊಡ್ಡ ಗಾಲಿ, ಎಲ್ಲಾ ಇದೆ. ಮಷೀನು ಮಾತ್ರ ಇಲ್ಲ. ಮಷೀನಿನ ತಲೆ ಬ್ಯಾಡಗಿಯಲ್ಲಿದೆ, ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ ಕಸ್ತೂರಕ್ಕನ ಮನೆಯಲ್ಲಿ. ಇವತ್ತು ಮುಂಜಾನೆ ಅವಳ ಫೋನು ಬಂದಿತ್ತು. "ಸ್ಟ್ಯಾಂಡ್ ಖಾಲಿ ಮಾಡು, ಬರಾಕತ್ತೇನಿ." ಅಷ್ಟೇ. ಹೆಂಗದೀ ಅಂತಿಲ್ಲ, ಮಕ್ಕಳು ಹೆಂಗದಾವ ಅಂತಿಲ್ಲ. ಒಂದೂವರೆ ವರ್ಷ ಮಾತು ಬಿಟ್ಟವಳು ಮೊದಲ ಮಾತಾಡಿದ್ದೇ ಹುಕುಂ.

ತಲೆ ಒಂದು ಊರಲ್ಲಿ ಕಾಲು ಒಂದು ಊರಲ್ಲಿ ಯಾಕೆ ಅಂತ ನೀವು ಕೇಳುವುದು ಸಹಜ. ನಮ್ಮ ಮನೆಗೆ ಬಂದವರೆಲ್ಲ ಕೇಳುತ್ತಾರೆ, ಕೇಳಿ ನಗುತ್ತಾರೆ. ನಮ್ಮ ಅತ್ತೆಯವರ ಮನೆ ರಾಣೆಬೆನ್ನೂರಿನಲ್ಲಿತ್ತು. ಈ ಮಷೀನು ಅತ್ತೆಯ ಸ್ವಂತದ್ದು. ಮನೆಮಂದಿಯ ಬಟ್ಟೆಯೆಲ್ಲ ಅವರೇ ಹೊಲಿಯುತ್ತಿದ್ದರು. ಜಂಪರು, ಹುಡುಗರ ಚಡ್ಡಿ, ತಲೆದಿಂಬಿನ ಚೀಲ, ಕೊನೆಗೆ ಗೋಡೆ ಗಡಿಯಾರಕ್ಕೂ ಧೂಳು ಕೂರದಂತೆ ಒಂದು ಕುಲಾಯಿ. ಕೈಹೊಲಿಗೆ ಹಾಕಿದರೆ ಮಷೀನು ನಾಚಬೇಕು, ಹಂಗಿತ್ತು ಅವರ ಕೈ. ನಾವಿಬ್ಬರೂ ಸೊಸೆಯಂದಿರು ಕಲಿತದ್ದು ಅವರ ಕೈಯಲ್ಲೇ, ಬೈಸಿಕೊಂಡೇ.

ಆಮೇಲೆ ಅಣ್ಣ ತಮ್ಮಂದಿರು ಬೇರೆಯಾದರು. ಭಾವನವರಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಕೆಲಸ, ನಮ್ಮ ಮನೆಯವರಿಗೆ ಹಾವೇರಿಯಲ್ಲಿ ನೌಕರಿ. ಭಾಂಡೆ, ಮಂಚ, ಟ್ರಂಕು ಎಲ್ಲ ಜಗಳವಿಲ್ಲದೆ ಪಾಲಾದವು. ಪಾಲು ಮಷೀನಿನ ಹತ್ತಿರ ಬಂದು ನಿಂತಿತು.

"ನಾ ದೊಡ್ಡಾಕಿ, ಹೊಲಿಯಾಕಿನೂ ನಾನ," ಅಂದಳು ಕಸ್ತೂರಕ್ಕ.

"ನನಗೂ ಹೊಲಿಯಾಕ ಬರ್ತೈತಿ," ಅಂದೆ ನಾನು.

ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಇಷ್ಟೇ ಎರಡು ಮಾತು ನಡೆದವು. ಅತ್ತೆ ಒಳಗೆ ಹೋಗಿ ಸ್ಕ್ರೂ ಡ್ರೈವರ್ ತಂದರು. ಎಲ್ಲರೂ ನೋಡುತ್ತಿರುವಾಗಲೇ ಎರಡು ಸ್ಕ್ರೂ ಬಿಚ್ಚಿ ತಲೆ ಎತ್ತಿ ಕಸ್ತೂರಕ್ಕನ ತೊಡೆಯ ಮೇಲಿಟ್ಟರು. "ತಗೋ. ನಿನಗ ತಲಿ, ಆಕೀಗೆ ಕಾಲು. ಇನ್ನ ಬಾಯಿ ಮುಚ್ರಿ."

ಇದನ್ನು ಕೇಳಿದವರು ಕಣ್ಣರಳಿಸಿ, "ಎಂಥಾ ಜಾಣಿ ನಿಮ್ಮತ್ತಿ! ಸೊಸೆಯರು ದೂರ ಆಗಬಾರದು ಅಂತ ಹಂಗ ಮಾಡ್ಯಾರ" ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅತ್ತೆಗೆ ಅಂದು ಹಲ್ಲುನೋವು. ಎರಡು ದಿನದಿಂದ ಲವಂಗ ಕಚ್ಚಿಕೊಂಡು ಕೂತಿದ್ದರು. ನಮ್ಮ ದನಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಒಳ್ಳೇತನವೂ ಇಲ್ಲ, ಜಾಣತನವೂ ಇಲ್ಲ; ಬರೀ ಬೇಸರ. ಬೇಸರದಲ್ಲಿ ಮಾಡಿದ ಪಾಲು ಇಷ್ಟು ವರ್ಷ ನಡೆಯಿತಲ್ಲ, ಅದೇ ಸೋಜಿಗ. ಒಬ್ಬರಾದರೂ "ನೀನ ಇಟ್ಕೋ" ಅನ್ನಬಹುದಿತ್ತು. ಅನ್ನಲಿಲ್ಲ.

ಹೀಗಾಗಿ ವರ್ಷಪೂರ್ತಿ ನಾನು ಕೈಸೂಜಿಯವಳಾದೆ. ಮನೆಯಲ್ಲಿ ಹರಿಯುವುದಕ್ಕೇನು ಕಡಿಮೆ? ನಮ್ಮ ಮನೆಯವರ ಪ್ಯಾಂಟಿನ ಹುಕ್ಕು ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟಿದ ಮೇಲೆಯೇ ಕಿತ್ತು ಬರುತ್ತದೆ, ಮೊದಲು ಬರುವುದಿಲ್ಲ. "ಮೈಮ್ಯಾಲಿದ್ದಂಗ ಹೊಲೀಬಾರದು, ಕಳೀರಿ" ಅಂದರೆ, "ಬಸ್ಸು ಹೋಗ್ತೈತಿ, ಹಂಗ ಒಂದು ಟಾಕಾ ಹಾಕು" ಅನ್ನುತ್ತಾರೆ. ಬಜಾರದ ಟೇಲರ್‌ಗಳ ಹತ್ತಿರ ಹೋದರೆ ಹರಿದ ಬಟ್ಟೆ ನೋಡಿ ಮುಖ ಸಿಂಡರಿಸುತ್ತಾರೆ. "ಹೊಸಾದಿದ್ರ ತರ್ರಿ ಅಕ್ಕಾರ, ರಿಪೇರಿ ಹಿಡಿಯಂಗಿಲ್ಲ." ಪಕ್ಕದ ಮನೆಯಿಂದ ಸೂಜಿ ತರೋಣವೆಂದರೆ ಹೊತ್ತು ಮುಳುಗಿರುತ್ತದೆ, ದೀಪ ಹಚ್ಚಿದ ಮೇಲೆ ಸೂಜಿ ಕೊಡುವುದಿಲ್ಲ. ಇಷ್ಟೆಲ್ಲದರ ನಡುವೆ ನಾನು ಹಾಕಿದ ಟಾಕಾಗಳು ನನ್ನ ಮಟ್ಟಿಗೆ ಚೆನ್ನಾಗಿಯೇ ಇರುತ್ತಿದ್ದವು.

ಕಸ್ತೂರಕ್ಕ ಹಾಗೆ ಒಪ್ಪುತ್ತಿರಲಿಲ್ಲ. ಪ್ರತಿ ವರ್ಷ ದಸರೆಗೆ ಮುಂಚೆ ಒಂದು ವಾರದ ಮಟ್ಟಿಗೆ ಅವಳು ತಲೆಯನ್ನು ಹಳೆಯ ಚಾದರದಲ್ಲಿ ಕಟ್ಟಿಕೊಂಡು, ಮೋಟೆಬೆನ್ನೂರಿನ ಮೇಲೆ ಬರುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಒಮ್ಮೆ ಕಂಡಕ್ಟರ್ ಗಂಟು ಮುಟ್ಟಿ ಕೇಳಿದನಂತೆ, "ಏನೈತವ್ವಾ ಇದರಾಗ?"

"ತಲಿ."

"ಯಾರದು?"

"ನಮ್ಮ ಅತ್ತೀದು."

ಪಕ್ಕದಲ್ಲಿ ಕೂತವಳು ಎದ್ದು ಹಿಂದಿನ ಸೀಟಿಗೆ ಹೋದಳಂತೆ. ಬಿಚ್ಚಿ ತೋರಿಸಿದ ಮೇಲೆ, "ಹೆಂಗಸರಿಗೆ ಫ್ರೀ ಐತಿ, ಇದಕ್ಕ ಲಗೇಜ್ ಆಗ್ತೈತಿ" ಅಂದನಂತೆ. "ಇದೇನು ಗಂಡಸೇನೋ ಯಪ್ಪಾ?" ಅಂತ ಇವಳು ಹಾವೇರಿ ಬಸ್ ಸ್ಟ್ಯಾಂಡಿನವರೆಗೆ ವಾದಿಸಿಕೊಂಡೇ ಬಂದಳು.

ಬಂದವಳು ನೀರು ಕುಡಿದು ನೇರವಾಗಿ ನಮ್ಮ ಕಪಾಟು ತೆಗೆಯುತ್ತಿದ್ದಳು. ವರ್ಷವೆಲ್ಲ ನಾನು ಕೈಯಲ್ಲಿ ಹೊಲಿದದ್ದನ್ನು ಒಂದೊಂದೇ ಹೊರಗೆಳೆದು, ಬ್ಲೇಡು ಹಿಡಿದು ಕೂತು, ಬಿಚ್ಚಿ, ಮತ್ತೆ ಮಷೀನಿನಲ್ಲಿ ಹೊಲಿಯುವುದು ಅವಳ ಪದ್ಧತಿ.

"ಇದನ್ನ ಯಾರು ಹೊಲದಾರ?"

"ನಾನ."

"ಗೊತ್ತಾಗ್ತೈತಿ ಬಿಡು."

ಏಳು ದಿನ ಇದೇ ಮಾತು. ಗಟ್ಟಿಯಾಗಿರುವ ಹೊಲಿಗೆ ಬಿಚ್ಚುವುದು ಯಾವ ಶಾಸ್ತ್ರ ಹೇಳ್ರಿ? ಅವಳು ಹೋದ ಮೇಲೆ ಮನೆಯ ಮೂಲೆ ಮೂಲೆಯಲ್ಲೂ ದಾರದ ಚೂರು. ರೊಟ್ಟಿಯ ಹಿಟ್ಟಿನಲ್ಲೂ ಒಂದು ಎಳೆ ಸಿಗುತ್ತಿತ್ತು.

ಅತ್ತೆ ಮೊದಲು ಇದ್ದದ್ದು ಬ್ಯಾಡಗಿಯಲ್ಲೇ, ಕಸ್ತೂರಕ್ಕನ ಜೊತೆ. ಸುಗ್ಗಿಯಲ್ಲಿ ಅಲ್ಲಿ ಊರಿಗೆ ಊರೇ ಮೆಣಸಿನಕಾಯಿ ಘಾಟು. ಅಲ್ಲಿಯವರಿಗೆ ಅದು ಗಾಳಿಯಷ್ಟೇ ರೂಢಿ. ಅತ್ತೆಗೆ ವಯಸ್ಸಾದಂತೆ ಕೆಮ್ಮು ನಿಲ್ಲದಾಯಿತು. ಡಾಕ್ಟರು ಜಾಗ ಬದಲಿಸಿರಿ ಅಂದರು, ನಾವು ಕರೆದುಕೊಂಡು ಬಂದೆವು. ಕಸ್ತೂರಕ್ಕನಿಗೆ ಅದು ನಾಟಿತು. "ನಮ್ಮ ಮನೀ ಘಾಟು ಅಷ್ಟ ಹತ್ತೇತೇನ ಅತ್ತೀಗೆ?" ಅಂದಳು. ಮುಂದೆ ಸುಗ್ಗಿ ಹತ್ತಿತು. ಅವಳ ಮನೆಯಂಗಳದಲ್ಲಿ ದಿನಾಲೂ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುತ್ತಾರೆ. ಮನೆ ಬಿಟ್ಟು ಬರಲಾಗುವುದಿಲ್ಲ. ಫೋನಿನಲ್ಲಿ "ಸುಗ್ಗಿ ಮುಗದ ಮ್ಯಾಲೆ ಬರ್ತೇನಿ" ಅನ್ನುತ್ತಿದ್ದಳು. ಯುಗಾದಿಗೆ ಮೊದಲೇ ಅತ್ತೆ ಹೋಗಿಬಿಟ್ಟರು. ಕಸ್ತೂರಕ್ಕ ಬಂದದ್ದು ಮಣ್ಣಿಗೆ.

ಆ ವರ್ಷದ ದಸರೆಗೂ ತಲೆ ಕಟ್ಟಿಕೊಂಡು ಬಂದಳು. ಯಾವಾಗಿನಂತೆ ಕಪಾಟು, ಯಾವಾಗಿನಂತೆ ಬ್ಲೇಡು. ನಾನು ಚಹಾ ಮಾಡಲು ಒಳಗೆ ಹೋಗಿದ್ದೆ. ಅವಳ ಕೈಗೆ ನಮ್ಮ ಸಂತೆ ಚೀಲ ಸಿಕ್ಕಿತು. ಮಾವನವರ ಖಾಕಿ ಪ್ಯಾಂಟು ಕತ್ತರಿಸಿ ಮಾಡಿದ ಚೀಲ, ತಳಕ್ಕೆ ಒಂದು ತೇಪೆ.

"ಇದೇನು ಹೊಲಿಗೇನೋ, ಕೋಳಿ ಕೆದರಿದ್ದೋ?" ಎಂಬ ದನಿ ಕೇಳಿ ನಾನು ಕಪ್ಪು ಹಿಡಿದು ಹೊರಗೆ ಬರುವುದರೊಳಗೆ ತೇಪೆ ಪೂರ್ತಿ ಕಳಚಿ ಬಂದಿತ್ತು.

"ಅಕ್ಕಾ, ಅದು ಅತ್ತಿ ಹೊಲದಿದ್ದು."

"ಸುಳ್ಳ ಹೇಳಬ್ಯಾಡ. ಅತ್ತಿ ಕೈ ನನಗ ಗೊತ್ತಿಲ್ಲೇನ? ನಿನಕಿಂತ ಮೊದಲ ಬಂದಾಕಿ ನಾನು. ಅತ್ತಿ ಹೊಲಿಗಿ ಹಿಂಗ ಇರ್ತಿದ್ದಿಲ್ಲ."

"ಕಡೀಕ ಹಿಂಗ ಇತ್ತು," ಅಂದೆ. ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ನೀ ಬಂದಿದ್ರ ಗೊತ್ತಾಗ್ತಿತ್ತು."

ಅವಳು ಚೀಲವನ್ನು ಮಡಚಿ ನೆಲದ ಮೇಲಿಟ್ಟಳು. ಅರ್ಧ ಹೊಲಿದ ಜಂಪರು ಮಷೀನಿನಲ್ಲಿ ಹಾಗೇ ಸಿಕ್ಕಿತ್ತು; ಅದರ ಸಮೇತ ತಲೆ ಬಿಚ್ಚಿ, ಚಾದರ ಸುತ್ತಿ, ಚಹಾ ಮುಟ್ಟದೆ ಹೊರಟಳು. ಆ ಜಂಪರು ನನ್ನದು. ಇನ್ನೂ ಬಂದಿಲ್ಲ.

ಅತ್ತೆಯ ವರ್ಷದ ಕಾರ್ಯದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು. ಸಾರು ಬೇಕೇನು ಅಂತ ಅವಳು ಕೇಳಲಿಲ್ಲ, ಉಪ್ಪು ಕೊಡು ಅಂತ ನಾನು ಅನ್ನಲಿಲ್ಲ. ಮುಂದಿನ ದಸರೆಗೆ ಅವಳು ಬರಲಿಲ್ಲ. ಕಪಾಟಿನಲ್ಲಿ ನನ್ನ ಕೈಹೊಲಿಗೆಗಳು ಯಾರೂ ಬಿಚ್ಚದೆ ಹಾಗೇ ಉಳಿದವು. ಇದೇ ಅಲ್ಲವೇ ನಾನು ಬೇಡಿಕೊಂಡದ್ದು? ಆದರೆ ಅವುಗಳನ್ನು ನೋಡಿದಾಗೆಲ್ಲ ಸಿಟ್ಟೇ ಬರುತ್ತಿತ್ತು. ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗಿಬಿದ್ದಿತ್ತು, ತಳ ಇಲ್ಲದೆ. ನಮ್ಮ ಮನೆಯವರು ಒಮ್ಮೆ, "ಹೊಸಾ ಚೀಲ ತರ್ತೇನಿ, ಅದನ್ನ ಒರಸಾಕ ಹಾಕು" ಅಂದರು. ನಾನು ಅಂದು ಉಪ್ಪಿಟ್ಟಿಗೆ ಉಪ್ಪು ಹಾಕಲಿಲ್ಲ.

ಇವತ್ತು ಮಧ್ಯಾಹ್ನ ಕಸ್ತೂರಕ್ಕ ಬಂದಳು. ಹೆಗಲಿಗೆ ಒಂದು ಸಣ್ಣ ಬ್ಯಾಗು. ಚಾದರದ ಗಂಟು ಇಲ್ಲ.

"ತಲಿ ಎಲ್ಲಿ?"

"ತಂದಿಲ್ಲ."

"ಮತ್ತ ಸ್ಟ್ಯಾಂಡ್ ಯಾಕ ಖಾಲಿ ಮಾಡ್ಸಿದಿ? ಮುಂಜಾನಿಂದ ಸಾಮಾನ ಎತ್ತಿ ಎತ್ತಿ ನಡಾ ಬಿದ್ದು ಹೋತು."

"ನೀ ಮನ್ಯಾಗ ಇರ್ಲಿ ಅಂತ. ಇಲ್ಲಾಂದ್ರ ಸಂಘ, ಸಂತಿ ಅಂತ ಎಲ್ಲೆರ ತಿರಗಾಕ ಹೋಗಿರ್ತಿದ್ದಿ."

ನೋಡ್ರಿ, ಇಂಥವಳ ಜೊತೆ ಏನು ಮಾತಾಡುವುದು? ನೀರು ಕೊಟ್ಟೆ. ಕೊಡುವಾಗಲೇ ನೆನಪಾದದ್ದು. "ಈಗ ಸುಗ್ಗಿ ಅಲ್ಲೇನ? ಅಂಗಳದಾಗ ಹೆಂಗಸರು ಕುಂತಿರಬೇಕಲ್ಲ?"

"ಕುಂತಾರ. ತಾವ ಬಿಡಸ್ತಾರ ಬಿಡು, ನಾ ಇಲ್ಲಂದ್ರ ತೊಟ್ಟು ಬರಂಗಿಲ್ಲೇನ?" ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡದೆ ಕೇಳಿದಳು, "ಆ ಚೀಲ ಇಟ್ಟೀಯೋ, ಒಗದೀಯೋ?"

ಮೊಳೆಯಿಂದ ಇಳಿಸಿ ತಂದುಕೊಟ್ಟೆ. ಬಾಗಿಲ ಬೆಳಕಿಗೆ ಕೂತು ಚಷ್ಮಾ ಏರಿಸಿದಳು. ಖಾಕಿ ದಪ್ಪ ಬಟ್ಟೆ. ದಾರ ಹೋದರೂ ಸೂಜಿಯ ತೂತುಗಳು ಹಾಗೇ ಉಳಿದಿದ್ದವು. ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು, ಒಂದು ಮೇಲೆ, ಒಂದು ಕೆಳಗೆ, ಸಾಲೆಂಬುದೇ ಇಲ್ಲ. ತೇಪೆಯನ್ನು ಮೊದಲಿನ ಜಾಗದಲ್ಲೇ ಕೂರಿಸಿ, ಬ್ಯಾಗಿನಿಂದ ಸೂಜಿ ತೆಗೆದು ನನ್ನ ಕಡೆ ಚಾಚಿದಳು. "ಪೋಣಿಸಿ ಕೊಡು. ನನಗ ಈಗ ಸೂಜಿ ಕಣ್ಣು ಕಾಣಂಗಿಲ್ಲ."

ಮಷೀನು ಬಿಟ್ಟು ಬೇರೆ ಹೊಲಿಗೆ ಒಪ್ಪದ ಹೆಂಗಸು, ಗಟ್ಟಿ ಹೊಲಿಗೆಗಳನ್ನೂ ಬಿಚ್ಚಿ ಹಾಕಿದ ಹೆಂಗಸು, ಆ ಸೊಟ್ಟ ತೂತುಗಳಲ್ಲಿ ಒಂದೊಂದರಲ್ಲೇ ಸೂಜಿ ಹಾಕಿ ತೆಗೆಯತೊಡಗಿದಳು. ಅತ್ತೆ ಹೋದ ದಾರಿಯಲ್ಲೇ ಹೋಗಬೇಕೆಂಬ ಹಟ. ಅದರಲ್ಲೂ ನನ್ನನ್ನು ಬಿಡಲಿಲ್ಲ.

"ಇಲ್ಲಿ ಇಷ್ಟು ದೂರ ಯಾಕ ಜಿಗದಾರ?"

"ಕೈ ನಡಗ್ತಿತ್ತು. ಬಲಗೈಯನ್ನ ಎಡಗೈಲೆ ಹಿಡಕೊಂಡು ಚುಚ್ಚತಿದ್ರು."

"ದವಾಖಾನಿಗೆ ತೋರಿಸಲಿಲ್ಲೇನ?"

"ತೋರಿಸಿದ್ವಿ. ವಯಸ್ಸು ಅಂದ್ರು."

"ಇಲ್ಲಿ ಒಂದ ಕಡೆ ಗಂಟು ಗಂಟು ಆಗಿತ್ತಲ್ಲ, ನಾ ಬಿಚ್ಚಬೇಕಾದ್ರ ಬೈದಿದ್ದೆ."

"ಅವತ್ತ ನಿನ್ನ ಫೋನ್ ಬಂದಿತ್ತು. ಸುಗ್ಗಿ ಮುಗದ ಮ್ಯಾಲೆ ಬರ್ತೀ ಅಂದಿದ್ದಿ. ಫೋನ್ ನಾ ಅವರ ಕಿವಿಗೆ ಹಿಡದಿದ್ದೆ, ಮಾತಾಡ್ಕೋತ ಹೊಲದ್ರು."

ಕಸ್ತೂರಕ್ಕ ಮೂಗು ಒರೆಸಿಕೊಂಡು, "ಹಾವೇರ್ಯಾಗೂ ಘಾಟು ಬರಾಕತ್ತೇತಿ ಈಗ" ಅಂದಳು. ನಾನು ಹೌದು ಅಂದೆ. ಇಲ್ಲಿ ಯಾವ ಘಾಟೂ ಇರಲಿಲ್ಲ.

ಆ ಹೊತ್ತಿನಿಂದ ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಅತ್ತೆ ಏನು ಉಣ್ಣುತ್ತಿದ್ದರು, ಯಾವ ಮಗ್ಗುಲಿಗೆ ಮಲಗುತ್ತಿದ್ದರು, ತನ್ನ ಹೆಸರು ತೆಗೆಯುತ್ತಿದ್ದರೋ ಇಲ್ಲವೋ. ತೆಗೆಯುತ್ತಿದ್ದರು, ಬೈಯುವುದಕ್ಕೇ ಹೆಚ್ಚು. ಅದನ್ನೂ ಹೇಳಿದೆ. "ಏನಂತ ಬೈತಿದ್ರು?" ಅಂತ ಎರಡೆರಡು ಸಲ ಹೇಳಿಸಿಕೊಂಡಳು.

ತೇಪೆಯ ಕೊನೆಯ ಮೂಲೆಗೆ ಬಂದಾಗ ಸೂಜಿ ನಿಂತಿತು.

"ಇಲ್ಲಿ ತೂತು ಅದಾವು. ಆದ್ರ ನಾ ಇಲ್ಲಿಂದ ದಾರ ತಗದಿದ್ದು ನೆನಪಿಲ್ಲ."

"ಅಲ್ಲಿ ದಾರ ಇದ್ದಿದ್ದಿಲ್ಲಕ್ಕಾ. ದಾರ ಮುಗದಿತ್ತು. ಪೋಣಿಸಾಕ ನನ್ನ ಕರದ್ರು, ನಾ ಒಲಿ ಮುಂದ ಇದ್ದೆ, ಹಾಲು ಉಕ್ಕಾಕತ್ತಿತ್ತು. ಕಣ್ಣು ಮಂಜಾಗಿದ್ದು, ತಾವ ಪೋಣಿಸಿಕೊಂಡೇನಿ ಅಂತ ತಿಳಕೊಂಡು ಖಾಲಿ ಸೂಜೀಲೆ ಹೊಲದ್ರು. ಕಡೀಕ ಗಂಟೂ ಹಾಕಿದಂಗ ಮಾಡಿ, ಹಲ್ಲೀಲೆ ಕಚ್ಚಿ ಹರದ್ರು. 'ಮುಗೀತು ನೋಡು' ಅಂದ್ರು."

"ನೀ ಹೇಳಲಿಲ್ಲೇನ?"

"ಹೆಂಗ ಹೇಳ್ಲಿ?"

"ಚೀಲ ಸೋರ್ತಿತ್ತಲ್ಲ ಮತ್ತ?"

"ಆ ಮೂಲಿಗೆ ಯಾವಾಗಲೂ ಕುಂಬಳಕಾಯಿ ಇಡ್ತಿದ್ದೆ."

ಅವಳಿಗೆ ನಗು ಬಂತು, ಸಿಟ್ಟೂ ಬಂತು, ಯಾವುದು ಮೊದಲೆಂದು ಅವಳಿಗೇ ತಿಳಿಯಲಿಲ್ಲ. ಚಷ್ಮಾ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆ ಖಾಲಿ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಇವನ್ನ ಹಿಂಗ ಬಿಡ್ಲೇನ? ದಾರ ಹಾಕ್ಲೇನ?"

ಇಷ್ಟು ವರ್ಷದಲ್ಲಿ ಒಂದು ಹೊಲಿಗೆಯ ಬಗ್ಗೆ ಅವಳು ನನ್ನನ್ನು ಕೇಳಿದ್ದು ಇದೇ ಮೊದಲು. ಚೀಲದ ಆ ಮೂಲೆಯನ್ನು ಬೆಳಕಿಗೆ ಹಿಡಿದು, "ಹಾಕಕ್ಕಾ" ಅಂದೆ.

"ಹಾಕ್ತೇನಿ ತಡಿ! ನಿನ್ನ ಕೇಳಿ ಹಾಕಬೇಕೇನ?" ಎಂದು ಗದರಿ ಮೊದಲ ತೂತಿಗೆ ಸೂಜಿ ಇಳಿಸಿದಳು.